ದವಾಖಾನೆಯ ಚರಿತ್ರೆಯಲ್ಲಿ ರೋಗಿಯ ಸ್ಥಾನ

ಹೈದರಾಬಾದಿನ ಬೇಗಂ ಬಜಾರಿಗೆ ಸಮೀಪದಲ್ಲೇ, ಮೂಸಿ ನದಿಯ ಉತ್ತರ ದಂಡೆಯಲ್ಲಿ, ಅಫ್ಜಲ್ ಗಂಜ್ ಇದೆ. ಅಲ್ಲಿ 1866ರಲ್ಲಿ ತೆರೆದ ಸರ್ಕಾರಿ ಧರ್ಮಾಸ್ಪತ್ರೆಯೇ ಮುಂದಿನ ಉಸ್ಮಾನಿಯಾ ಆಸ್ಪತ್ರೆಯ ಪೂರ್ವರೂಪ. ಈ ಸಂಸ್ಥೆಯನ್ನು ಕುರಿತ ಬರವಣಿಗೆಯಲ್ಲಿ ದಾನಿಗಳ ಔದಾರ್ಯ, ಕಟ್ಟಡದ ವೈಭವ, ವೈದ್ಯರ ಸಾಧನೆ ಧಾರಾಳವಾಗಿ ದೊರೆಯುತ್ತವೆ. ದೊರೆಯದವನು ರೋಗಿ. ಈ ಗೈರುಹಾಜರಿ ಆಕಸ್ಮಿಕವಲ್ಲ, ಬರವಣಿಗೆಯ ಕ್ರಮದಿಂದಲೇ ಹುಟ್ಟಿದ್ದು ಎಂಬುದು ನಮ್ಮ ವಾದ.

1908ರ ಸೆಪ್ಟೆಂಬರ್ 28ರ ಮೂಸಿ ಪ್ರವಾಹದಲ್ಲಿ ಈ ಆಸ್ಪತ್ರೆ ನಾಶವಾಯಿತು. ಮಡಿದವರು ಸುಮಾರು 15,000 ಎಂಬುದು ರೂಢಿಯ ಅಂದಾಜು. ಕನ್ನಡ ಓದುಗರಿಗೆ ಈ ಪ್ರಸಂಗ ತಲುಪಿರುವುದು ಸರ್ ಎಂ. ವಿಶ್ವೇಶ್ವರಯ್ಯನವರ ಮೂಲಕ. 1909ರಲ್ಲಿ ನಿಜಾಮ ಸರ್ಕಾರದ ಆಹ್ವಾನದ ಮೇರೆಗೆ ಬಂದ ಅವರು ಜಲಾನಯನ ಪ್ರದೇಶದ 788 ಕೆರೆಗಳಲ್ಲಿ 221 ಒಡೆದಿದ್ದವೆಂದು ಲೆಕ್ಕ ಕೊಟ್ಟರು. ಉಸ್ಮಾನ್ ಸಾಗರ (1920), ಹಿಮಾಯತ್ ಸಾಗರ (1927) ಆ ಯೋಜನೆಯ ಫಲಗಳು. ನೀರಿನ ಲೆಕ್ಕಕ್ಕೆಂದೇ ಕರೆಸಿಕೊಂಡವರು ನೀರಿನ ಲೆಕ್ಕ ಬರೆದದ್ದು ಸಹಜ. ಆದರೆ ಅನಂತರದವರು ಆ ಲೆಕ್ಕವನ್ನೇ ಪ್ರವಾಹದ ಸಂಪೂರ್ಣ ಚರಿತ್ರೆಯೆಂದು ಒಪ್ಪಿಕೊಂಡದ್ದು ಸಹಜವಲ್ಲ. ಜನರ ನೆನಪು ಮತ್ತೊಂದು ಬಗೆಯದು. ಆಸ್ಪತ್ರೆಯ ಆವರಣದ ಹುಣಸೆಮರವೊಂದು ಸುಮಾರು 150 ಜನರನ್ನು ಕಾಪಾಡಿತೆಂದು ಅದು ಹೇಳುತ್ತದೆ. ಇಲ್ಲಿಯೂ ಉಳಿದು ಬಂದಿರುವುದು ಮರ ಹತ್ತಬಲ್ಲವರ ಕಥೆಯೇ. ಹಾಸಿಗೆಯಿಂದ ಏಳಲಾರದವರ ಗತಿ ಏನಾಯಿತೆಂದು ಕೇಳಿದ ಬರಹ ನಮ್ಮ ಕಣ್ಣಿಗೆ ಬಿದ್ದಿಲ್ಲ.

ವಸಾಹತುಶಾಹಿ ವೈದ್ಯಕೀಯದಲ್ಲಿ ರೋಗಿಗೆ ಹೆಸರು ದಕ್ಕಿದ ಒಂದು ಅಪರೂಪದ ನಿದರ್ಶನ ನೆರೆಯ ಸಿಕಂದರಾಬಾದಿನದು. 1897ರ ಆಗಸ್ಟ್‌ನಲ್ಲಿ ರೊನಾಲ್ಡ್ ರಾಸ್ ಅನಾಫಿಲಿಸ್ ಸೊಳ್ಳೆಯ ಜಠರದಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡರು. ಆ ಸೊಳ್ಳೆಗಳಿಗೆ ರಕ್ತವಿತ್ತ ರೋಗಿ ಹುಸೇನ್ ಖಾನ್. ಕಚ್ಚಿದ ಸೊಳ್ಳೆಯೊಂದಕ್ಕೆ ಒಂದಾಣೆಯಂತೆ ಅವನಿಗೆ ಸಂದಾಯವಾಯಿತು. ಅವನ ಹೆಸರು ಉಳಿದಿರುವುದು ಆರೈಕೆಯ ದಾಖಲೆಯಲ್ಲಲ್ಲ, ಪ್ರಯೋಗದ ಖರ್ಚಿನ ಲೆಕ್ಕದಲ್ಲಿ ಎಂಬುದನ್ನು ಗಮನಿಸಬೇಕು.

1911ರಲ್ಲಿ ನಗರಕ್ಕೆ ಪ್ಲೇಗು ಬಂದಿತು. ಇಲಿ, ಚಿಗಟಗಳ ಮೂಲಕ ಹರಡುವ ಈ ರೋಗಕ್ಕೆ ಧಾನ್ಯದ ಗೋದಾಮುಗಳೂ ಇಕ್ಕಟ್ಟಾದ ವಸತಿಗಳೂ ಅನುಕೂಲವಾದ ನೆಲೆ. ಮರುವರ್ಷವೇ ನಗರ ಸುಧಾರಣಾ ಮಂಡಳಿ ಸ್ಥಾಪನೆಯಾಗಿ ಹಳೆಯ ಕೇರಿಗಳನ್ನು ಕೆಡವುವ ಕೆಲಸ ಆರಂಭಿಸಿತು. ರೋಗದ ಪ್ರಶ್ನೆ ಹೀಗೆ ಮತ್ತೆ ಕಟ್ಟಡದ ಪ್ರಶ್ನೆಯಾಯಿತು.

ಆರೈಕೆಯನ್ನು ಕಾಣದ ಈ ದೋಷ ಚರಿತ್ರಕಾರರದಷ್ಟೇ ಅಲ್ಲ, ನಮ್ಮ ಸಾಹಿತ್ಯ ವಿಮರ್ಶೆಯದೂ ಹೌದು. ಅನಂತಮೂರ್ತಿಯವರ ‘ಸಂಸ್ಕಾರ’ (1965) ಪ್ಲೇಗಿನ ಕಾದಂಬರಿಯೂ ಆಗಿದೆ. ನಾರಣಪ್ಪನ ಶವಸಂಸ್ಕಾರದ ಧರ್ಮಸೂಕ್ಷ್ಮವನ್ನು ಚರ್ಚಿಸುತ್ತ ದಶಕಗಳನ್ನೇ ಕಳೆದ ವಿಮರ್ಶೆ, ಜ್ವರದಲ್ಲಿ ಬಿದ್ದಾಗ ಅವನ ಬಳಿಯಿದ್ದ ಚಂದ್ರಿಯನ್ನು ಆ ದೃಷ್ಟಿಯಿಂದ ನೋಡಿದ್ದು ಕಡಿಮೆ. ರೋಗಿಷ್ಠ ಪತ್ನಿಗೆ ಪ್ರಾಣೇಶಾಚಾರ್ಯರು ನಿತ್ಯವೂ ಮಾಡುವ ಶುಶ್ರೂಷೆಯನ್ನು ತ್ಯಾಗದ ಪ್ರತೀಕವೆಂದು ಓದಿ ಮುಗಿಸಲಾಗಿದೆ. ಆ ಸ್ನಾನ, ಆ ಗಂಜಿ ಪ್ರತೀಕಗಳಾಗುವ ಮೊದಲು ಕೆಲಸಗಳು.

ಹೊರನಾಡಿನ ಸಂಶೋಧಕರಿಗೆ ಇಲ್ಲಿ ಕೈಗೆಟಕುವ ಒಂದು ಸಾಮಗ್ರಿಯಿದೆ: ಭಾಷೆ. ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಅಲ್ಲಿಂದ ಬಂದ ಕನ್ನಡ ರೋಗಿ ತನ್ನ ನೋವನ್ನು ಉರ್ದುವಿನಲ್ಲೋ ಇಂಗ್ಲಿಷಿನಲ್ಲೋ ಕಲಿತ ವೈದ್ಯನ ಮುಂದೆ ಹೇಳಿಕೊಳ್ಳಬೇಕಿತ್ತು. ಮೈಸೂರು ಸೀಮೆಯವರು ‘ಆಸ್ಪತ್ರೆ’ ಎಂದರೆ ಕಲಬುರಗಿಯವರು ‘ದವಾಖಾನಿ’ ಎನ್ನುತ್ತಾರೆ. ಇದನ್ನು ಕೇವಲ ಪ್ರಾದೇಶಿಕ ಪದಭೇದವೆಂದು ನಿಘಂಟಿಗೆ ಒಪ್ಪಿಸಿಬಿಡುವುದು ಅವಸರವಾದೀತು. ಮೊದಲನೆಯದರ ಹಿಂದೆ ಇಂಗ್ಲಿಷ್ ಆಡಳಿತದ ಸಂಪರ್ಕವಿದೆ, ಎರಡನೆಯದರ ಹಿಂದೆ ನಿಜಾಮ ಆಡಳಿತದ ಪಾರಸಿ-ಉರ್ದು. ರೋಗ, ನೋವು, ಪಥ್ಯಗಳಿಗೆ ಆ ಜಿಲ್ಲೆಗಳ ಹಿರಿಯರು ಬಳಸುವ ಮಾತುಗಳನ್ನು ಇದೇ ದೃಷ್ಟಿಯಿಂದ ಸಂಗ್ರಹಿಸಬಹುದು.

2020ರ ಜುಲೈನಲ್ಲಿ ಉಸ್ಮಾನಿಯಾದ ಹಳೆಯ ಕಟ್ಟಡದ ವಾರ್ಡುಗಳಿಗೆ ಮಳೆನೀರು ನುಗ್ಗಿ ರೋಗಿಗಳನ್ನು ಸ್ಥಳಾಂತರಿಸಬೇಕಾಯಿತು. ಅನಂತರ ನಡೆದ ದೀರ್ಘ ಚರ್ಚೆಯ ಮುಖ್ಯ ವಸ್ತು, ವಿನ್ಸೆಂಟ್ ಎಶ್ ರೂಪಿಸಿದ ಆ ಕಟ್ಟಡವನ್ನು ಉಳಿಸಬೇಕೆ, ಕೆಡವಬೇಕೆ ಎಂಬುದಾಗಿತ್ತು.