ಯಾರು ಸೆಟ್ಲ್ ಆದವರು?

ಕಳೆದ ವೈಶಾಖದಲ್ಲಿ ಸಿದ್ದಾಪುರದ ಕಡೆಯ ಒಂದು ಮದುವೆಮನೆಯಲ್ಲಿ ದೂರದ ಸಂಬಂಧದ ಅತ್ತೆಯೊಬ್ಬರು ಸಿಕ್ಕಿದರು. ಮೊದಲ ಪಂಕ್ತಿ ಏಳುವುದನ್ನು ಕಾಯುತ್ತ ನಿಂತಿದ್ದೆವು. ತಮ್ಮ ಮಗ ಬೆಂಗಳೂರಿನಲ್ಲಿ ಫ್ಲ್ಯಾಟ್ ತೆಗೆದುಕೊಂಡ ಸುದ್ದಿ ಹೇಳಿ ಮುಗಿಸಿ, "ನಿನ್ನಣ್ಣ ಎಲ್ಲಿದ್ದ ಈಗ?" ಎಂದು ಕೇಳಿದರು.

"ಮನೇಲೇ ಇದ್ದ ಅತ್ತೆ, ತೋಟ ನೋಡ್ಕ್ಯಂಡು."

"ಹಂಗಾರೆ ಇನ್ನೂ ಸೆಟ್ಲ್ ಆಯ್ದಿಲ್ಲೆ ಹೇಳು."

ಅಣ್ಣನಿಗೆ 33 ವರ್ಷ. ಅವನು ಮಲಗುವ ಮನೆಯನ್ನು ಕಟ್ಟಿಸಿದ್ದು ನಮ್ಮ ಮುತ್ತಜ್ಜ. ಅವನು ನೋಡಿಕೊಳ್ಳುವ ತೋಟದ ಕೆಲವು ಮರಗಳು ಅವನಿಗಿಂತ ಹಿರಿಯವು. ಇಷ್ಟು ಗಟ್ಟಿಯಾಗಿ ಒಂದು ಜಾಗದಲ್ಲಿ ಇರುವವನು ಇನ್ನೂ ಸೆಟ್ಲ್ ಆಗಿಲ್ಲ, ಇಪ್ಪತ್ತು ವರ್ಷದ ಸಾಲದ ಮೇಲೆ ಎಂಟನೇ ಮಹಡಿಯಲ್ಲಿ ಇರುವವನು ಆಗಿದ್ದಾನೆ. ನನ್ನ ಸಂಶೋಧನೆ ಕನ್ನಡ ಕಥೆಗಳ ಭಾಷೆಯನ್ನು ಕುರಿತದ್ದು. ಆದರೂ ಈ ಪದವನ್ನು ನಾನು ನಿಂತು ನೋಡಿದ್ದು ಅಂದೇ.

ಇಂಗ್ಲಿಷಿನ ಸೆಟ್ಲ್ ಮೂಲತಃ ಕೂರುವ ಮಾತು. ಹಳೆಯ ಇಂಗ್ಲಿಷಿನಲ್ಲಿ ಅದರ ನಾಮಪದಕ್ಕೆ ಆಸನ ಎಂದೇ ಅರ್ಥ. ಆಮೇಲೆ ಅದು ಒಂದೆಡೆ ನೆಲೆಸುವುದು, ಸಾಲ ತೀರಿಸುವುದು, ಜಗಳ ಬಗೆಹರಿಸುವುದು, ಮಡ್ಡಿ ತಳಕ್ಕಿಳಿಯುವುದು ಎಲ್ಲಕ್ಕೂ ಹಬ್ಬಿತು. ಕನ್ನಡದಲ್ಲಿ ಇವಕ್ಕೆಲ್ಲ ಬೇರೆ ಬೇರೆ ಮಾತುಗಳಿವೆ. ನಮ್ಮ ನೆಲೆ ಎಂಬುದರ ಬೇರು ನಿಲ್ಲು ಎಂಬುದರಲ್ಲಿದೆ: ಅವರು ಕೂತು ಊರಿದರೆ ನಾವು ನಿಂತು ಊರುತ್ತೇವೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಮಾತಿಗೆ ಈ ಪದ ಬಂದಾಗ ಎಲ್ಲ ಅರ್ಥಗಳೂ ಜೊತೆಗೆ ಬರಲಿಲ್ಲ. ಅಡಿಕೆ ಬೇಯಿಸಿದ ಹಂಡೆಯ ತಳದಲ್ಲಿ ಗಷ್ಟು ಈಗಲೂ ಕೂರುತ್ತದೆ. ಅದು ಸೆಟ್ಲ್ ಆಯ್ತು ಎಂದು ನಮ್ಮಲ್ಲಿ ಯಾರೂ ಹೇಳುವುದಿಲ್ಲ. ಅಡಿಕೆ ಪೇಟೆಯಲ್ಲಿ ಲೆಕ್ಕ ಸೆಟ್ಲ್ ಆಗುವುದುಂಟು, ಆದರೆ ಅಲ್ಲಿ ಚುಕ್ತಾ ಎಂಬ ಹಳೆಯ ಮಾತು ಇನ್ನೂ ಸತ್ತಿಲ್ಲ. ಹಿಸ್ಸೆ ಜಗಳಕ್ಕೆ ರಾಜಿ ಇದೆ. ಬೇರೆ ಮಾತೇ ಉಳಿಯದ ಹಾಗೆ ಸೆಟ್ಲ್ ಗೆದ್ದದ್ದು ಒಂದೇ ಕಡೆ, ಮಕ್ಕಳ ವಿಷಯದಲ್ಲಿ. ಅಲ್ಲಿ ಅದರ ಅರ್ಥ ಮೂರು ಮೆಟ್ಟಿಲು: ನೌಕರಿ, ಮದುವೆ, ಹೊರಗೊಂದು ಮನೆ. ಕೊನೆಯ ಮೆಟ್ಟಿಲು ಊರಿನ ಹೊರಗೇ ಇರಬೇಕು. ಹೀಗೆ ನೆಲೆಸು ಎನ್ನುವ ಕ್ರಿಯಾಪದ ನಮ್ಮಲ್ಲಿ ಹೊರಟುಹೋಗು ಎಂಬ ಅರ್ಥ ಪಡೆದಿದೆ.

ವ್ಯಾಕರಣವೂ ಇದಕ್ಕೆ ಕೈಜೋಡಿಸಿದೆ. ಇಂಗ್ಲಿಷಿನ ಕ್ರಿಯಾಪದವನ್ನು ಕನ್ನಡ ಒಂಟಿಯಾಗಿ ಒಳಗೆ ಬಿಡುವುದಿಲ್ಲ. ಮಾಡು ಅಥವಾ ಆಗು ಜೊತೆಗಿರಬೇಕು. ಲೆಕ್ಕವನ್ನು ಸೆಟ್ಲ್ ಮಾಡುತ್ತೇವೆ. ಮಾಣಿ ಮಾತ್ರ ಸೆಟ್ಲ್ ಆಗುತ್ತಾನೆ, ಕಾಯಿ ಹಣ್ಣಾದಂತೆ. ಅವನನ್ನು ಓದಿಸಿ ಹೊರಗೆ ಕಳಿಸಿದವರು ಯಾರು, ತೋಟದಲ್ಲಿ ಉಳಿದವನಿಗೆ ಹೆಣ್ಣು ಕೊಡದವರು ಯಾರು ಎಂಬುದು ಆ ಆಗು ಎಂಬುದರ ಹಿಂದೆ ಮರೆಯಾಗುತ್ತದೆ.

ಸರಕಾರಿ ಕಾಗದದಲ್ಲಿ ಇದೇ ಪದಕ್ಕೆ ಇನ್ನೊಂದು ಬದುಕಿದೆ. 1927ರ ಭಾರತೀಯ ಅರಣ್ಯ ಕಾಯ್ದೆಯಲ್ಲಿ ಫಾರೆಸ್ಟ್ ಸೆಟ್ಲಮೆಂಟ್ ಆಫೀಸರ್ ಎಂಬ ಹುದ್ದೆ ಇದೆ. ಮೀಸಲು ಅರಣ್ಯವಾಗಲಿರುವ ಜಾಗದಲ್ಲಿ ಯಾರಿಗೆ ಯಾವ ಹಕ್ಕಿದೆ ಎಂದು ವಿಚಾರಿಸಿ ನಿರ್ಧರಿಸುವವನು ಅವನು. ಇಲ್ಲಿ ಸೆಟ್ಲ್ ಆಗುವುದು ನೆಲದ ಲೆಕ್ಕ, ಮನುಷ್ಯನದಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೂ, ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಯು 2005ರ ಡಿಸೆಂಬರ್ 13ಕ್ಕೆ ಮೊದಲಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದೆವು ಎಂದು ತೋರಿಸಬೇಕು. ಯಲ್ಲಾಪುರದ ಕಾಡಂಚಿನಲ್ಲಿ ಗದ್ದೆ ಮಾಡಿಕೊಂಡವರಿಗೆ 75 ವರ್ಷದ ಸಾಕ್ಷಿ ಬೇಕು; ಮದುವೆಮನೆಯ ಮಾತಿನಲ್ಲಿ ಒಂದು ಫ್ಲ್ಯಾಟಿನ ಕೀಲಿಕೈ ಸಾಕು. ಇಬ್ಬರನ್ನೂ ಅಳೆಯುವುದು ಒಂದೇ ಪದ, ಎರಡೂ ಕಡೆ ಸೋಲುವವರು ಊರಿನಲ್ಲಿ ಉಳಿದವರು.

ಇಂಥ ಪದ ಕಂಡಾಗ ನಾವು, ಸಾಹಿತ್ಯದ ವಿದ್ಯಾರ್ಥಿಗಳು, ಸಾಮಾನ್ಯವಾಗಿ ಮಾಡುವುದು ಒಂದೇ: ಭಾಷೆ ಕೆಟ್ಟಿತೆಂದು ಕೊರಗುತ್ತೇವೆ, ಕಥೆಯಲ್ಲಿ ಬಂದರೆ ಪಾತ್ರದ ಶೋಕಿ ಎಂದು ಓದುತ್ತೇವೆ. ಚುಕ್ತಾ, ರಾಜಿ ಕೂಡ ಒಂದು ಕಾಲಕ್ಕೆ ಹೊರಗಿನಿಂದ ಬಂದವೇ. ಸೆಟ್ಲ್ ಬದಲು ನೆಲೆಗೊಂಡ ಎಂದು ಬರೆದರೆ ವಾಕ್ಯ ಶುದ್ಧವಾಗುತ್ತದೆ, ಅತ್ತೆಯ ತೀರ್ಪು ಮಾತ್ರ ಕಾಣದೆ ಹೋಗುತ್ತದೆ. ಎರವಲು ಪದ ಎಲ್ಲಿಂದ ಬಂತು ಎಂಬುದಕ್ಕಿಂತ, ಅದು ಬಂದಮೇಲೆ ಯಾರ ಬಾಯಲ್ಲಿ ಯಾರನ್ನು ಅಳೆಯುತ್ತಿದೆ ಎಂದು ಕೇಳುವುದು ವಿಮರ್ಶೆಯ ಕೆಲಸ ಎಂದು ನನಗನಿಸುತ್ತದೆ.

ಹಾಗೆಂದು ಉಳಿದವರ ಪರವಾಗಿ ಸುಲಭದ ವಕಾಲತ್ತು ನನ್ನಿಂದಾಗದು. ತೋಟದ ಮನೆ ಬೇಡ ಎನ್ನುವ ಕೂಸುಗಳನ್ನು ದೂರುವವರು ಬಹಳ ಮಂದಿ. ನಾನೂ ಬೇಡ ಎಂದವಳೇ. ಬೆಳಗ್ಗೆ ಕೊಟ್ಟಿಗೆಯಿಂದ ರಾತ್ರಿ ಅಡುಗೆಮನೆಯವರೆಗೆ ಆಯಿ ನಿಂತೇ ಇರುವುದನ್ನು ನೋಡಿ ಬೆಳೆದಿದ್ದೇನೆ. ಆ ಮನೆಯಲ್ಲಿ ಕೂರುವ ಅರ್ಥದ ಸೆಟ್ಲ್ ಅವಳಿಗೆ ಎಂದೂ ಸಿಗಲಿಲ್ಲ. ಆದ್ದರಿಂದ ಅತ್ತೆಯ ಮಾತಿಗೆ ನನಗೆ ಬಂದ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದು.

ಅಂದು ಅತ್ತೆ ಮುಂದಿನ ಪ್ರಶ್ನೆ ನನಗೇ ಕೇಳಿದರು: "ಮತ್ತೆ ನೀ ಯಾವಾಗ ಸೆಟ್ಲ್ ಆಗ್ತೆ?" ಥೀಸಿಸ್ ಮುಗಿಯಲಿ ಎಂದೆ. ಅಷ್ಟರಲ್ಲಿ ಪಂಕ್ತಿ ಎದ್ದಿತು. ರಾತ್ರಿ ಅಣ್ಣನಿಗೆ ಫೋನ್ ಮಾಡಿದೆ. ಮಳೆ ಹಿಡಿಯುವ ಮೊದಲು ಕೊಳೆಗೆ ಬೋರ್ಡೋ ಹೊಡೆಸಬೇಕು, ಕೊನೆಗೌಡ ಇನ್ನೂ ಬಂದಿಲ್ಲ ಎಂದು ಅವನು ಅದರ ಚಿಂತೆಯಲ್ಲಿದ್ದ. ಅತ್ತೆ ಅಂದದ್ದನ್ನು ನಾನು ಅವನಿಗೆ ಹೇಳಲಿಲ್ಲ.