ಕೊಡಲಿ ಇನ್ನೂ ಬಿದ್ದಿಲ್ಲ

ಸಂಕೇತವಾದಿ ಚಿತ್ರಕಾರ ಎಂದೊಡನೆ ಕನಸು, ಸಾವು, ಮಬ್ಬುಗತ್ತಲೆ, ಮೈಮರೆತ ಹೆಂಗಸರು ನೆನಪಾಗುತ್ತಾರೆ. ಸ್ವಿಟ್ಜರ್ಲೆಂಡಿನ ಫರ್ಡಿನಾಂಡ್ ಹೋಡ್ಲರ್ (1853–1918) ಆ ಹಾದಿಯಲ್ಲಿ ನಡೆದವನೇ. ಅವನ ‘ರಾತ್ರಿ’ ಚಿತ್ರವನ್ನು 1891ರಲ್ಲಿ ಜಿನೀವಾದ ಪ್ರದರ್ಶನದಿಂದ ಹೊರಗಿಟ್ಟಿದ್ದರು. ಹಾಗಾಗಿ ಅವನು 1910ರಲ್ಲಿ ಬರೆದ ‘ಮರ ಕಡಿಯುವವನು’ ಚಿತ್ರವನ್ನು ನೋಡಿದಾಗ, ಕನಸುಗಾರ ಕಡೆಗೊಮ್ಮೆ ನೆಲಕ್ಕಿಳಿದು ವಾಸ್ತವ ಚಿತ್ರಿಸಿದ ಎಂದು ತೋರಬಹುದು. ಆ ಮಾತನ್ನು ನಾನು ಒಪ್ಪುವುದಿಲ್ಲ. ಈ ಚಿತ್ರ ದುಡಿಮೆಗೆ ಸಲ್ಲಿಸುವ ಗೌರವ ದೊಡ್ಡದಾಗಿರುವುದು ಅದು ಸಂಕೇತವಾದಿ ಚಿತ್ರವಾಗಿ ಉಳಿದದ್ದರಿಂದಲೇ.

ಸಾಕ್ಷಿ ಕ್ಯಾನ್ವಾಸಿನ ಮೇಲೆಯೇ ಇದೆ. ಪ್ಯಾರಿಸ್‌ನ ಒರ್ಸೇ ಸಂಗ್ರಹಾಲಯದಲ್ಲಿರುವ ಪ್ರತಿ ಸುಮಾರು 130 ಸೆಂ.ಮೀ. ಎತ್ತರದ್ದು. ಒಬ್ಬನೇ ಆಳು ಅದನ್ನು ಮೂಲೆಯಿಂದ ಮೂಲೆಗೆ ತುಂಬಿಕೊಂಡಿದ್ದಾನೆ. ಕಾಲು ಅಗಲಿಸಿ ಊರಿದ್ದಾನೆ, ಮೈಯನ್ನು ಹಿಂದಕ್ಕೆ ಎಳೆದುಕೊಂಡಿದ್ದಾನೆ, ಎರಡೂ ಕೈಯಲ್ಲಿ ಕಾವು ಬಿಗಿಹಿಡಿದು ಕೊಡಲಿಯನ್ನು ತಲೆಯ ಮೇಲಕ್ಕೆ ಒಯ್ದಿದ್ದಾನೆ. ಹಿನ್ನೆಲೆ ಬಹುಪಾಲು ಬಿಳಿಚು ಬಯಲು. ಅಲ್ಲಿ ನಿಂತ ಬೋಳು ಮರಗಳೆಲ್ಲ ನೆಟ್ಟಗಿವೆ. ಒಂದೇ ಆಕಾರವನ್ನು ಮತ್ತೆಮತ್ತೆ ತಂದು ಲಯ ಕಟ್ಟುವ ಕ್ರಮಕ್ಕೆ ಹೋಡ್ಲರ್ ‘ಸಮಾಂತರತೆ’ ಎಂದು ಹೆಸರಿಟ್ಟಿದ್ದ. ಪ್ರಕೃತಿಯೂ ಮನುಷ್ಯರೂ ಒಂದೇ ಲಯಕ್ಕೆ ಒಳಪಟ್ಟವರು ಎಂಬುದು ಅವನ ನಂಬಿಕೆ. ಇಲ್ಲಿ ಮರಗಳು ಆ ಲಯವನ್ನು ಹಿಡಿದಿವೆ, ದುಡಿಯುವವನ ಓರೆಯಾದ ಮೈಯೊಂದೇ ಅದನ್ನು ಸೀಳಿಕೊಂಡು ಹೋಗುತ್ತದೆ. ಇನ್ನೊಂದು ಸಂಗತಿಯನ್ನು ಮುಖ್ಯವಾಗಿ ಗಮನಿಸಬೇಕು. ಅವನೆದುರಿನ ಮರ ತೀರ ಸಪೂರವಾದದ್ದು. ಬರೀ ಕಸುಬಿನ ಕಣ್ಣಿನಿಂದ ನೋಡಿದರೆ ಅಂಥ ಮರಕ್ಕೆ ಇಷ್ಟು ದೊಡ್ಡ ಬೀಸು ಬೇಕಿಲ್ಲ. ಮರ ಉರುಳಿಸುವ ವಿಧಾನ ತೋರಿಸುವುದೇ ಉದ್ದೇಶವಾಗಿದ್ದರೆ ಇದನ್ನು ತಪ್ಪೆನ್ನಬಹುದಿತ್ತು. ಚಿತ್ರದ ವಸ್ತು ಮರವಲ್ಲ. ಏಟಿಗೆ ಮುಂಚೆ ಇಡೀ ಮೈ ಒಂದೇ ನಿರ್ಧಾರವಾಗಿ ಕೂಡಿಬರುವ ಗಳಿಗೆ. ನಾಣಿನಲ್ಲಿ ಎಳೆದು ಹಿಡಿದ ಬಾಣದ ಹಾಗೆ ಬಲವೆಲ್ಲ ಅಲ್ಲಿ ನಿಂತಿದೆ.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಕೂರ್ಬೆ 1849ರಲ್ಲಿ ಬರೆದ ‘ಕಲ್ಲು ಒಡೆಯುವವರು’ ಚಿತ್ರದಲ್ಲಿ ಹರಿದ ಬಟ್ಟೆ ಇತ್ತು. ಮಿಲೆಯ ‘ತೆನೆ ಆಯುವವರು’ (1857) ಚಿತ್ರದಲ್ಲಿ ಬಗ್ಗಿದ ಬೆನ್ನುಗಳೂ ದೂರದಲ್ಲಿ ಬೇರೆಯವರ ರಾಶಿಯೂ ಇವೆ. ಹೋಡ್ಲರನ ಆಳಿಗೆ ಊರಿಲ್ಲ, ಮನೆಯಿಲ್ಲ, ಕೂಲಿಯ ಲೆಕ್ಕವಿಲ್ಲ, ದಣಿವೂ ಇಲ್ಲ. ಕಷ್ಟವನ್ನು ಅಳಿಸಿ ದುಡಿಮೆಯನ್ನು ಹಾಡಿಹೊಗಳುವುದು ಉಳ್ಳವರಿಗೆ ಅನುಕೂಲದ ಕಲೆಯಲ್ಲವೇ? ಹೋಡ್ಲರ್ ಬಡ ಬಡಗಿಯ ಮಗ, ಕ್ಷಯರೋಗಕ್ಕೆ ಮನೆಮಂದಿಯನ್ನೆಲ್ಲ ಕಳೆದುಕೊಂಡವನು ಎಂದು ಉತ್ತರ ಕೊಡುವುದು ಸುಲಭ. ಆದರೆ ಬದುಕಿನ ಕಷ್ಟ ಚಿತ್ರಕ್ಕೆ ಜಾಮೀನಾಗದು. ನಿಜವಾದ ಉತ್ತರ ಬೇರೆ. ಕೂರ್ಬೆ, ಮಿಲೆ ತೋರಿಸಿದ್ದು ದುಡಿಮೆ ಮನುಷ್ಯನಿಂದ ಏನನ್ನು ಕಿತ್ತುಕೊಳ್ಳುತ್ತದೆ ಎಂಬುದನ್ನು. ಆ ಕೆಲಸ ದೊಡ್ಡದು, ಅದಿಲ್ಲದೆ ಹೋಡ್ಲರನ ಚಿತ್ರ ಅರ್ಧಸತ್ಯವೇ ಸರಿ. ಆದರೆ ದಣಿವನ್ನಷ್ಟೇ ನೋಡುವ ಕಣ್ಣಿಗೆ ದುಡಿಯುವವನು ಕೊನೆಗೆ ಕರುಣೆಯ ವಸ್ತುವಾಗಿಬಿಡುತ್ತಾನೆ. ಅವನ ಪರಿಣತಿ, ತೂಕ ಹಿಡಿದ ನಿಲುವು, ಹಿಮ್ಮಡಿಯಿಂದ ಮುಂಗೈವರೆಗೆ ಬಲ ಹರಿಸುವ ಜಾಣ್ಮೆ, ಇವೂ ಸತ್ಯವೇ. ಅದನ್ನು ಕಾಣಿಸಲು ಮಿಕ್ಕದ್ದನ್ನೆಲ್ಲ ತೆಗೆದುಹಾಕಬೇಕಾಯಿತು. ಇಲ್ಲಿ ನೋಡುವವರ ಮರುಕಕ್ಕೆ ಜಾಗವೇ ಇಲ್ಲ.

ಎರಡನೆಯ ಆಕ್ಷೇಪ ಹಣದ್ದು. ಈ ಆಕೃತಿ ಹುಟ್ಟಿದ್ದೇ ಬ್ಯಾಂಕಿಗಾಗಿ. 1908ರಲ್ಲಿ ಸ್ವಿಸ್ ನ್ಯಾಷನಲ್ ಬ್ಯಾಂಕ್ ಹೊಸ ನೋಟುಗಳ ವಿನ್ಯಾಸವನ್ನು ಹೋಡ್ಲರನಿಗೆ ಒಪ್ಪಿಸಿತು; 1911ರಿಂದ ಚಲಾವಣೆಗೆ ಬಂದ 50 ಫ್ರಾಂಕಿನ ನೋಟಿನ ಹಿಂಬದಿಯಲ್ಲಿ ಮರ ಕಡಿಯುವವನು, 100 ಫ್ರಾಂಕಿನದರಲ್ಲಿ ಹುಲ್ಲು ಕೊಯ್ಯುವವನು ಬಂದರು. ಹಳ್ಳಿಯ ರಟ್ಟೆ ದೇಶಾಭಿಮಾನದ ಮುದ್ರೆಯಾದದ್ದು ನಿಜ. ಆದರೆ ನೋಟಿಗೂ ಕ್ಯಾನ್ವಾಸಿಗೂ ಇರುವ ಅಂತರವೇ ನನ್ನ ಪರವಾಗಿ ಸಾಕ್ಷಿ ಹೇಳುತ್ತದೆ. ನೋಟಿನಲ್ಲಿ ಆ ಆಕೃತಿ ಅಲಂಕಾರದ ಚೌಕಟ್ಟಿನೊಳಗೆ ಕುಗ್ಗಿ ಲಾಂಛನವಾಯಿತು. ಅಚ್ಚಾಗಿ ಬಂದದ್ದು ಹೋಡ್ಲರನಿಗೆ ತೃಪ್ತಿ ಕೊಡಲಿಲ್ಲ. ಅವನು ಅದೇ ಆಕೃತಿಯನ್ನು ದೊಡ್ಡ ಕ್ಯಾನ್ವಾಸಿಗೆ ತಂದು ಹಲವು ಬಾರಿ ಬರೆದ. ಜೀವನವಿಡೀ ಆಲ್ಪ್ಸ್ ಬೆಟ್ಟಗಳನ್ನು ಬರೆದವನು ಇಲ್ಲಿ ಹಿನ್ನೆಲೆಗೆ ಒಂದು ಶಿಖರವನ್ನೂ ತರಲಿಲ್ಲ, ಬಾವುಟವಂತೂ ಇಲ್ಲವೇ ಇಲ್ಲ. ದೇಶವನ್ನು ಹೊಗಳುವುದೇ ಗುರಿಯಾಗಿದ್ದರೆ ಅದು ಕೈಗೆಟಕುವಷ್ಟು ಹತ್ತಿರದಲ್ಲಿತ್ತು.

ಆಸಕ್ತರು ನೋಟಿನ ಚಿತ್ರವನ್ನೂ ಒರ್ಸೇಯ ಕ್ಯಾನ್ವಾಸಿನ ಒಳ್ಳೆಯ ಮುದ್ರಣವನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ಮೊದಲು ಕೊಡಲಿಯನ್ನು ನೋಡಿ, ಆಮೇಲೆ ಊರಿದ ಕಾಲನ್ನು ನೋಡಿ, ಮುಖವನ್ನು ಕೊನೆಗೆ ನೋಡಿ.