ಕಾರ್ಲೋಸ್ ಚಾವೆಸನ ಪಿಯಾನೊ ಕಾನ್ಸರ್ಟೊ: ರಾಷ್ಟ್ರೀಯತೆಯ ಪ್ರಶ್ನೆ

ಕಲಾಕೃತಿಗಳನ್ನು ಇತಿಹಾಸದ ಆಧಾರಗಳನ್ನಾಗಿ ಬಳಸುವ ಕ್ರಮ ಚಿತ್ರ, ಶಿಲ್ಪ, ಕಟ್ಟಡಗಳ ವಿಷಯದಲ್ಲಿ ಫಲಕಾರಿಯಾಗಿದೆ. ಸಂಗೀತದ ವಿಷಯದಲ್ಲಾದರೋ ಅದು ಹಲವು ವೇಳೆ ಆತುರದ ತೀರ್ಮಾನಗಳಿಗೆ ಎಡೆಗೊಡುತ್ತದೆ. ನಾದವು ಮಾತಿನಂತೆ ತನ್ನ ಅರ್ಥವನ್ನು ನೇರವಾಗಿ ಹೇಳದು. ಕೇಳುವವನು ತಾನು ಮೊದಲೇ ಓದಿದ್ದನ್ನು ಅದರಲ್ಲಿ ಕೇಳಿಬಿಡುವ ಅಪಾಯ ಸದಾ ಇದ್ದೇ ಇರುತ್ತದೆ. ಮೆಕ್ಸಿಕೋ ದೇಶದ ಕಾರ್ಲೋಸ್ ಚಾವೆಸನು (೧೮೯೯–೧೯೭೮) ೧೯೩೮ರಿಂದ ೧೯೪೦ರವರೆಗೆ ರಚಿಸಿದ ಪಿಯಾನೊ ಕಾನ್ಸರ್ಟೊ ಇದಕ್ಕೆ ಒಳ್ಳೆಯ ನಿದರ್ಶನ. ಅದನ್ನು ಕ್ರಾಂತಿಯ ಅನಂತರದ ‘ಇಂಡಿಯನ್’ ರಾಷ್ಟ್ರೀಯತೆಯ ಧ್ವನಿಯೆಂದು ವರ್ಣಿಸುವುದು ವಾಡಿಕೆ. ಈ ವರ್ಣನೆ ಎಷ್ಟರಮಟ್ಟಿಗೆ ಸಲ್ಲುತ್ತದೆಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಕಾನ್ಸರ್ಟೊ ಎಂಬುದು ಒಬ್ಬ ವಾದಕನನ್ನೂ ಪೂರ್ಣ ವಾದ್ಯಮೇಳವನ್ನೂ ಎದುರುಬದುರಾಗಿ ನಿಲ್ಲಿಸುವ ಯುರೋಪಿನ ರಚನಾಪ್ರಕಾರ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ವೀರವಾದಕನ ಕೈಚಳಕವನ್ನು ಮೆರೆಸುವ ವೇದಿಕೆಯಾಯಿತು. ಮೆಕ್ಸಿಕೋದಲ್ಲಿ ಅದರ ಚರಿತ್ರೆಯನ್ನು ಮೂರು ಹೆಸರುಗಳಿಂದ ಸೂಚಿಸಬಹುದು. ರಿಕಾರ್ಡೋ ಕಾಸ್ತ್ರೋ, ಪೋರ್ಫಿರಿಯೋ ಡಿಯಾಸನ ಸರ್ಕಾರದ ವೇತನದಿಂದ ಯುರೋಪಿಗೆ ಹೋಗಿ, ತನ್ನ ಕಾನ್ಸರ್ಟೊವನ್ನು ೧೯೦೪ರಲ್ಲಿ ಆಂಟ್ವರ್ಪ್ ನಗರದಲ್ಲಿ ನುಡಿಸಿದನು. ಮಾನುಯೆಲ್ ಪೋನ್ಸೆಯ ‘ರೊಮ್ಯಾಂಟಿಕ್’ ಕಾನ್ಸರ್ಟೊ ೧೯೧೨ರಲ್ಲಿ ಮೆಕ್ಸಿಕೋ ನಗರದಲ್ಲಿ ಕೇಳಿಬಂದಿತು. ಮೂರನೆಯವನು ಚಾವೆಸ್, ಬಾಲ್ಯದಲ್ಲಿ ಪೋನ್ಸೆಯ ಬಳಿ ಪಿಯಾನೊ ಕಲಿತವನು. ಮೊದಲನೆಯದು ಹಳೆಯ ಆಡಳಿತದ್ದು, ಎರಡನೆಯದು ಸಂಧಿಕಾಲದ್ದು, ಮೂರನೆಯದು ಕ್ರಾಂತಿಯದು ಎಂದು ವಿಂಗಡಿಸುವ ಆಸೆ ಇತಿಹಾಸಕಾರನಿಗೆ ಸಹಜ. ಆದರೆ ೧೯೧೨ರ ವೇಳೆಗೆ ಡಿಯಾಸನ ಪತನವಾಗಿತ್ತು, ದೇಶ ದಂಗೆಗಳಿಂದ ಕಲಕಿತ್ತು. ಪೋನ್ಸೆಯ ಕೃತಿಯಲ್ಲಿ ಮಾತ್ರ ಲಿಸ್ಟ್ ಮೊದಲಾದವರ ಮಾರ್ಗವೇ ಪ್ರಧಾನವಾಗಿತ್ತು. ರಾಜಕೀಯದ ಗಡಿಯಾರವೂ ಸಂಗೀತದ ಗಡಿಯಾರವೂ ಒಂದೇ ಗಂಟೆಯನ್ನು ಹೊಡೆಯುವುದಿಲ್ಲ.

ಚಾವೆಸನಿಗೆ ‘ಇಂಡಿಯನ್’ ಎಂಬ ವಿಶೇಷಣ ಅಂಟಿದ್ದು ನಿಷ್ಕಾರಣವಾಗಿಯಲ್ಲ. ಶಿಕ್ಷಣ ಸಚಿವನಾಗಿದ್ದ ಹೋಸೆ ವಾಸ್ಕೋನ್ಸೇಲೋಸನ ಪ್ರೇರಣೆಯಿಂದ ೧೯೨೧ರಲ್ಲಿಯೇ ಅವನು ಅಜ್ಟೆಕ್ ವಸ್ತುವುಳ್ಳ ‘ಹೊಸ ಬೆಂಕಿ’ ಎಂಬ ನೃತ್ಯನಾಟಕವನ್ನು ರಚಿಸಿದನು. ೧೯೨೮ರಲ್ಲಿ ಮೆಕ್ಸಿಕೋದ ಸಿಂಫನಿ ವಾದ್ಯಮೇಳದ ನೇತೃತ್ವ ವಹಿಸಿ, ಎರಡು ದಶಕಗಳ ಕಾಲ ಅದನ್ನು ನಡೆಸಿದನು. ಅದೇ ವರ್ಷ ಮಾಡಿದ ಉಪನ್ಯಾಸವೊಂದರಲ್ಲಿ, ಅಜ್ಟೆಕರ ಸಂಗೀತ ಐದು ಸ್ವರಗಳದೆಂದೂ ಅದರಲ್ಲಿ ಅರ್ಧಸ್ವರದ ಅಂತರವಿರಲಿಲ್ಲವೆಂದೂ ವಾದಿಸಿದನು. ನಮ್ಮ ಮೋಹನದಂಥ ಔಡವ ರಾಗಗಳನ್ನು ಬಲ್ಲವರಿಗೆ ಇಂಥ ಸ್ವರಶ್ರೇಣಿ ಅಪರಿಚಿತವಲ್ಲ. ಆದರೆ ಅಜ್ಟೆಕರು ತಮ್ಮ ರಾಗಗಳನ್ನು ಸ್ವರಲಿಪಿಯಲ್ಲಿ ಬರೆದಿಡಲಿಲ್ಲ. ಉತ್ಖನನದಲ್ಲಿ ದೊರೆತ ಕೊಳಲುಗಳಿಂದ ಯಾವ ಸ್ವರ ಹೊರಡಿಸಬಹುದೆಂದು ತಿಳಿಯಬಹುದೇ ಹೊರತು ಯಾವ ರಾಗವನ್ನು ನುಡಿಸಿದರೆಂದು ತಿಳಿಯದು. ಆದ್ದರಿಂದ ಚಾವೆಸನ ಮಾತು ಒಬ್ಬ ಕಲಾವಿದನ ಊಹೆ, ಪ್ರಮಾಣವಲ್ಲ.

ಈಗ ಕೃತಿಗೆ ಬರೋಣ. ಕಾನ್ಸರ್ಟೊದಲ್ಲಿ ಮೂರು ಭಾಗಗಳಿವೆ. ವಿಳಂಬದ ಪೀಠಿಕೆಯಿಂದ ತೊಡಗಿ ಉದ್ವಿಗ್ನವಾದ ವೇಗಕ್ಕೆ ಏರುವ ಮೊದಲ ಭಾಗ ಇಡೀ ಕೃತಿಯ ಅರ್ಧಕ್ಕಿಂತ ಹೆಚ್ಚನ್ನು ಆಕ್ರಮಿಸುತ್ತದೆ. ಇಲ್ಲಿ ಪಿಯಾನೊ ಹಾಡುವ ವಾದ್ಯವಾಗಿರುವುದಕ್ಕಿಂತ ಹೆಚ್ಚಾಗಿ ಬಡಿಯುವ ವಾದ್ಯ. ಕೈಗಳೆರಡೂ ಬೇರೆ ಬೇರೆ ಸ್ವರರೇಖೆಗಳನ್ನು ಎಳೆಯುತ್ತ, ಬಹುಮಟ್ಟಿಗೆ ಬಿಡುವಿಲ್ಲದೆ ಮುನ್ನಡೆಯುತ್ತವೆ. ತುಂಬುಸ್ವರಗಳ ಮಾಧುರ್ಯವನ್ನು ರಚನಕಾರನು ಬೇಕೆಂದೇ ದೂರವಿಟ್ಟಿದ್ದಾನೆ. ಎರಡನೆಯ ಭಾಗ ಅತಿವಿಳಂಬ. ಪಿಯಾನೊ, ಹಾರ್ಪ್, ಊದುವಾದ್ಯಗಳ ತೆಳುವಾದ ಸಂವಾದ ಅಲ್ಲಿದೆ. ಮೂರನೆಯದು ಚಿಕ್ಕದು, ಚುರುಕಾದುದು. ಪ್ರಸಿದ್ಧವಾದ ಯಾವ ಜನಪದ ಮಟ್ಟನ್ನೂ ಈ ಮೂರರಲ್ಲಿ ಎತ್ತಿ ಬಳಸಿಲ್ಲವೆಂಬುದು ಗಮನಾರ್ಹ.

ಇದನ್ನು ಚಾವೆಸನದೇ ಇನ್ನೆರಡು ಕೃತಿಗಳೊಡನೆ ಹೋಲಿಸಿದರೆ ವಿಷಯ ಸ್ಪಷ್ಟವಾದೀತು. ೧೯೩೫–೩೬ರ ‘ಸಿನ್ಫೋನಿಯಾ ಇಂಡಿಯಾ’ದಲ್ಲಿ ವಿಚೋಲ್, ಯಾಕಿ, ಸೇರಿ ಜನಾಂಗಗಳ ಮಟ್ಟುಗಳು ಪ್ರತ್ಯಕ್ಷವಾಗಿಯೇ ಇವೆ. ೧೯೪೦ರ ‘ಶೋಚಿಪಿಲ್ಲಿ’ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ನಡೆದ ಮೆಕ್ಸಿಕೋ ಕಲಾಪ್ರದರ್ಶನಕ್ಕಾಗಿ ಬರೆದದ್ದು. ಅದು ಕಲ್ಪಿತ ಅಜ್ಟೆಕ್ ಸಂಗೀತವೆಂದು ಅದರ ಉಪಶೀರ್ಷಿಕೆಯೇ ಸಾರುತ್ತದೆ. ಇಂಡಿಯನ್ ಆಗಬೇಕೆಂದು ಬಯಸಿದಾಗ ಅದನ್ನು ಬಹಿರಂಗವಾಗಿ ಆಗಬಲ್ಲವನು ಅದೇ ವರ್ಷ ಮುಗಿಸಿದ ಕಾನ್ಸರ್ಟೊದಲ್ಲಿ ಹಾಗೆ ಮಾಡಲಿಲ್ಲ. ಈ ಮೌನವನ್ನು ವಿಮರ್ಶಕರು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮಟ್ಟುಗಳಿಲ್ಲದಿದ್ದರೇನು, ಆ ಒರಟು ಲಯವೇ ಅಜ್ಟೆಕ್ ಅಲ್ಲವೇ ಎಂದು ಕೇಳಬಹುದು. ಪಿಯಾನೊವನ್ನು ತಾಳವಾದ್ಯದಂತೆ ಬಳಸುವ ಕ್ರಮ ಸ್ಟ್ರಾವಿನ್ಸ್ಕಿಯ ೧೯೨೪ರ ಕಾನ್ಸರ್ಟೊದಲ್ಲಿಯೂ ಬಾರ್ಟೋಕನ ೧೯೨೬ರ ಮೊದಲನೆಯ ಕಾನ್ಸರ್ಟೊದಲ್ಲಿಯೂ ಇದೆ. ಅಲ್ಲಿ ಆಧುನಿಕತೆಯೆನಿಸಿಕೊಂಡ ಗುಣವೇ ಮೆಕ್ಸಿಕೋದವನ ಕೈಯಲ್ಲಿ ಆದಿಮತೆ ಎನಿಸಿಕೊಳ್ಳಬೇಕಾದ ಕಾರಣವೇನು? ಇದು ಬರಿಯ ಹೆಸರಿನ ಪ್ರಶ್ನೆಯಲ್ಲ. ಯುರೋಪಿನವನ ರಚನೆಯನ್ನು ರಚನೆಯೆಂದೂ ಮಿಕ್ಕ ದೇಶದವನ ರಚನೆಯನ್ನು ಅವನ ಜನಾಂಗದ ಕುರುಹೆಂದೂ ಓದುವ ಪಕ್ಷಪಾತ ಇದರ ಹಿಂದೆ ಅಡಗಿದೆ. ಅದು ಹೊಗಳಿಕೆಯ ವೇಷದಲ್ಲಿ ಬರುವುದರಿಂದ ಇನ್ನಷ್ಟು ಅಪಾಯಕಾರಿ.

ಹೀಗೆಂದ ಮಾತ್ರಕ್ಕೆ ಕೃತಿ ದೋಷರಹಿತವೆಂದಲ್ಲ. ಮೊದಲ ಭಾಗದ ದೈರ್ಘ್ಯ ಮಿಕ್ಕೆರಡರ ಸಮತೋಲವನ್ನು ಕೆಡಿಸುತ್ತದೆ. ಎಡೆಬಿಡದ ತೀವ್ರತೆ ಕೊನೆಕೊನೆಗೆ ತೀವ್ರತೆಯಾಗಿ ಉಳಿಯದೆ ಏಕತಾನವಾಗುತ್ತದೆ. ಎದುರಾಳಿಗಳ ಸ್ಪರ್ಧೆಯನ್ನು ಚಾವೆಸನು ತೊರೆದದ್ದು ಸಾಹಸವೇ ಸರಿ. ಆದರೆ ಆ ಸ್ಥಾನದಲ್ಲಿ ವಾದಕನಿಗೂ ಮೇಳಕ್ಕೂ ಬೇರೊಂದು ಸಂಬಂಧವನ್ನು ಅವನು ಪೂರ್ತಿಯಾಗಿ ಸಾಧಿಸಿದ್ದು ಎರಡನೆಯ ಭಾಗದಲ್ಲಿ ಮಾತ್ರ. ಅಲ್ಲಿ ಹಾರ್ಪ್ ಪಿಯಾನೊಗೆ ಸೇವಕನೂ ಅಲ್ಲ, ಪ್ರತಿಸ್ಪರ್ಧಿಯೂ ಅಲ್ಲ, ಸಮಾನ. ಕೃತಿಯ ನಿಜವಾದ ಸಿದ್ಧಿ ಅದರ ಗುಡುಗಿನಲ್ಲಲ್ಲ, ಈ ಮಿತವಾಕ್ಕಿನಲ್ಲಿದೆ.

ಇನ್ನು ಅದರ ಹುಟ್ಟಿನ ಸಂದರ್ಭ. ಅಧ್ಯಕ್ಷ ಲಾಸಾರೋ ಕಾರ್ಡೆನಾಸನು ವಿದೇಶೀ ತೈಲ ಕಂಪನಿಗಳ ಆಸ್ತಿಯನ್ನು ರಾಷ್ಟ್ರದ ವಶಕ್ಕೆ ತೆಗೆದುಕೊಂಡದ್ದು ೧೯೩೮ರ ಮಾರ್ಚ್ ೧೮ರಂದು. ಅದೇ ವರ್ಷ ಅಮೆರಿಕದ ಗುಗೆನ್‌ಹೈಮ್ ಪ್ರತಿಷ್ಠಾನದ ನೆರವಿನಿಂದ ಕಾನ್ಸರ್ಟೊದ ರಚನೆ ಆರಂಭವಾಯಿತು. ೧೯೪೨ರ ಜನವರಿ ೧ರಂದು ನ್ಯೂಯಾರ್ಕಿನ ಫಿಲ್‌ಹಾರ್ಮೋನಿಕ್ ಮೇಳದೊಡನೆ, ಡಿಮಿಟ್ರಿ ಮಿಟ್ರೋಪೌಲೋಸನ ನಿರ್ದೇಶನದಲ್ಲಿ, ಯೂಜೀನ್ ಲಿಸ್ಟನು ಅದನ್ನು ಮೊದಲ ಬಾರಿಗೆ ನುಡಿಸಿದನು. ದೇಶ ತನ್ನ ಎಣ್ಣೆಯನ್ನು ತನ್ನದಾಗಿಸಿಕೊಂಡ ವರ್ಷದಲ್ಲಿ ತೊಡಗಿದ ಕೃತಿ ಮೊದಲು ಕೇಳಿಬಂದದ್ದು ನೆರೆಯ ದೇಶದಲ್ಲಿ. ಇದನ್ನು ವಿರೋಧಾಭಾಸವೆಂದು ಎತ್ತಿಹಿಡಿಯುವವರುಂಟು. ಆದರೆ ರಾಷ್ಟ್ರೀಯತೆಯೆಂದರೆ ಹೊರಗಿನ ಸಂಪರ್ಕವನ್ನು ಕಡಿದುಕೊಳ್ಳುವುದೆಂದು ಚಾವೆಸನು ಎಂದೂ ಭಾವಿಸಿದಂತೆ ಕಾಣುವುದಿಲ್ಲ. ಅಮೆರಿಕದ ಆರನ್ ಕೋಪ್ಲೆಂಡನ ‘ಎಲ್ ಸಲೋನ್ ಮೆಹಿಕೋ’ವನ್ನು ೧೯೩೭ರಲ್ಲಿ ಮೆಕ್ಸಿಕೋ ನಗರದಲ್ಲಿ ಪ್ರಥಮವಾಗಿ ನುಡಿಸಿದ್ದು ಅವನ ಮೇಳವೇ.

ಆದುದರಿಂದ ಈ ಕಾನ್ಸರ್ಟೊ ಇತಿಹಾಸದ ಆಧಾರವಾಗಬೇಕಾದರೆ, ಅದು ಪ್ರಾಚೀನ ಮೆಕ್ಸಿಕೋಗೆ ಆಧಾರವಲ್ಲ. ಮಟ್ಟುಗಳನ್ನು ಬಳಸುವ ಹಕ್ಕಿನಂತೆಯೇ ಬಳಸದಿರುವ ಹಕ್ಕನ್ನೂ ತನ್ನದೆಂದು ತಿಳಿದ ಒಂದು ಪೀಳಿಗೆಗೆ ಆಧಾರ. ಭಿತ್ತಿಚಿತ್ರಗಳ ಪಾಠಕ್ಕೆ ಹಿನ್ನೆಲೆಯ ಧ್ವನಿಯಾಗಿ ಅದನ್ನು ಬಳಸುವ ಅಧ್ಯಾಪಕರು ಮೊದಲು ಎರಡನೆಯ ಭಾಗವನ್ನು ಕೇಳಿ ನೋಡುವುದು ಒಳ್ಳೆಯದು.